ಮುಚ್ಚಳದಲ್ಲಿ ಉಳಿದದ್ದು

ಖಾಲಿ ಸೀಸೆಗಳ ಡಬ್ಬಿಯನ್ನು ತಿಂಗಳಿಗೊಮ್ಮೆ ಬರಿದು ಮಾಡುವುದು ಅಂಟಣ್ಣನ ಕೆಲಸಗಳಲ್ಲೆಲ್ಲ ತೀರಾ ನಿರುಪದ್ರವಿ ಕೆಲಸ. ಹೆಬ್ಬೆರಳಿನಷ್ಟೂ ಇಲ್ಲದ ಆ ಸೀಸೆಗಳನ್ನು ಒಂದೊಂದೇ ತೆಗೆದು, ಮೈಮೇಲಿನ ಚೀಟಿಯನ್ನು ಉಗುರಿನಿಂದ ಬಿಡಿಸಿ ದಪ್ಪ ಪುಸ್ತಕದಲ್ಲಿ ಅಂಟಿಸಬೇಕು, ಸೀಸೆಯನ್ನು ಒಂದು ಬಕೆಟ್ಟಿಗೂ ಮುಚ್ಚಳವನ್ನು ಇನ್ನೊಂದಕ್ಕೂ ಹಾಕಬೇಕು, ಅಷ್ಟೆ. ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಗುತ್ತದೆ, ಮನಸ್ಸು ಎಲ್ಲೋ ಮೇಯುತ್ತಿರುತ್ತದೆ. ಆ ಬೆಳಿಗ್ಗೆ ಅದು ಮನೆಯ ನಲ್ಲಿಯ ಸುತ್ತ ಸುಳಿದಾಡುತ್ತಿತ್ತು. ನಲ್ಲಿ ತೊಟ್ಟಿಕ್ಕುತ್ತಿದೆ, ತಾನೇ ನೋಡುತ್ತೇನೆ ಎಂದು ಅವನು ಎದ್ದರೆ ಹೆಂಡತಿ, 'ನಿಮ್ಮ ಕೈಗುಣ ಎಲ್ಲ ಲ್ಯಾಬಲ್ಲೇ ಇರ್ಲಿ, ಇದಕ್ಕೆ ಪ್ಲಂಬರ್ ಬರ್ತಾನೆ' ಎಂದುಬಿಟ್ಟಿದ್ದಳು. ಆಗ ಬಾಯಿಗೆ ಬಾರದ ಉತ್ತರವನ್ನು ಈಗ ಹುಡುಕುತ್ತ, ಆರನೆಯದೋ ಏಳನೆಯದೋ ಸೀಸೆಯ ಮುಚ್ಚಳ ತಿರುಪಿ ತೆಗೆದವನಿಗೆ, ಮುಚ್ಚಳದ ಒಳಗಿನ ಸಂದಿಯಲ್ಲಿ ಒಣಗಿದ ಹಾಲಿನ ಕಲೆಯಂಥದ್ದೇನೋ ಕಂಡಿತು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದ. ಕನ್ನಡಕ ಹಣೆಗೇರಿಸಿ ನೋಡಿದ, ಇಳಿಸಿ ನೋಡಿದ. ಆಮೇಲೆ ಪುಸ್ತಕದಲ್ಲಿ ಆಗಲೇ ಅಂಟಿಸಿದ್ದ ಅದರ ಚೀಟಿ ನೋಡಿದ.

ಅವನಿಗೆ ಮೊದಲು ಹುಟ್ಟಿದ್ದು ಭಯವಲ್ಲ, ಕುತೂಹಲ. ಅದಕ್ಕಾಗಿ ಆಮೇಲೆ ತನ್ನನ್ನು ತಾನೇ ಬೈದುಕೊಂಡ.

ಆ ಸೀಸೆಯಲ್ಲಿ ಬಂದಿದ್ದದ್ದು ಜೀವಕೋಶಗಳು ತಮ್ಮ ಕಾಲಡಿಯ ನೆಲವನ್ನು ಹಿಡಿದು ಕೂರುವುದಕ್ಕೆ ಬೇಕಾದ ಒಂದು ಪ್ರೋಟೀನು. ಮನುಷ್ಯನ ಪ್ರೋಟೀನು, ಆದರೆ ಯಾವ ಮನುಷ್ಯನ ಮೈಯಿಂದಲೂ ತೆಗೆದದ್ದಲ್ಲ. ಅದನ್ನು ಕಟ್ಟುವ ಬರಹವನ್ನಷ್ಟೇ ಮನುಷ್ಯನಿಂದ ನಕಲು ಮಾಡಿ, ಇಲಿ ಜಾತಿಯ ಯಾವುದೋ ಪುಟ್ಟ ಪ್ರಾಣಿಯ ಕೋಶಗಳೊಳಗೆ ಸೇರಿಸಿ, ಉಕ್ಕಿನ ಹಂಡೆಗಳಲ್ಲಿ ಬೆಳೆಸಿ, ಸೋಸಿ, ಒಣಗಿಸಿ ಕಳಿಸುತ್ತಾರೆ. ಜೊತೆಗೆ ಬರುವ ಕಾಗದದಲ್ಲಿ ದಪ್ಪಕ್ಷರದಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸತಕ್ಕದ್ದಲ್ಲ' ಎಂದಿರುತ್ತದೆ. ಮನುಷ್ಯನದೇ ಆಗಿದ್ದು ಮನುಷ್ಯನಿಗೇ ಆಗಿಬರದ ಈ ವಸ್ತುವಿನ ಬಗ್ಗೆ ಅಂಟಣ್ಣ ಎಷ್ಟೋ ಸಲ ಊಟದ ಡಬ್ಬಿಯ ಮುಂದೆ ಕೂತು ಯೋಚಿಸಿದ್ದುಂಟು. ಅದೇ ಕಾಗದದಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ಇನ್ನೊಂದು: ಮುಚ್ಚಳ ತೆಗೆಯುವ ಮೊದಲು ಸೀಸೆಯನ್ನು ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿ, ಪುಡಿ ತಳಕ್ಕೆ ಇಳಿಯಲಿ. ಪುಡಿ ಅನ್ನುವುದೂ ದೊಡ್ಡ ಮಾತು. ಉಸಿರು ತಾಗಿದರೆ ಹಾರಿಹೋಗುವಷ್ಟು. ದಾರಿಯಲ್ಲಿ ಬರುವಾಗ ಅಲುಗಾಡಿ ಮುಚ್ಚಳಕ್ಕೆ ಹತ್ತಿ ಕೂತುಬಿಡುತ್ತದೆ. ತಿರುಗಿಸದೆ ತೆಗೆದರೆ ತಳದಲ್ಲಿ ಏನೂ ಇರುವುದಿಲ್ಲ. ಏನೂ ಇಲ್ಲದ್ದು ಗೊತ್ತೂ ಆಗುವುದಿಲ್ಲ, ಯಾಕೆಂದರೆ ಇದ್ದರೂ ಕಾಣುವುದಿಲ್ಲ. ಹೊಸದಾಗಿ ಬಂದವರಿಗೆಲ್ಲ ಇದನ್ನು ಕಿವಿ ಹಿಂಡಿದ ಹಾಗೆ ಹೇಳಿಕೊಟ್ಟವನು ಅಂಟಣ್ಣನೇ. ಮೂರು ವಾರದ ಹಿಂದೆ ಪುಡಿ ಕರಗಲೆಂದು ಈ ಸೀಸೆಯ ತಳಕ್ಕೆ ಉಪ್ಪುನೀರು ಬಿಟ್ಟವನು, ಅದನ್ನು ಇಪ್ಪತ್ತು ಪುಟ್ಟ ನಳಿಕೆಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟವನು, ದಿನಕ್ಕೊಂದರಂತೆ ಕರಗಿಸಿ ಆ ಹುಡುಗಿ ಕೋಶ ಕೂರಿಸುವ ಪ್ಲಾಸ್ಟಿಕ್ ಪ್ಲೇಟಿನ ಸಾಲುಸಾಲು ಕುಳಿಗಳಿಗೆ ಬಳಿದು ಕೊಟ್ಟವನು ಅವನೇ. ಮೂರು ವಾರ ಅವನು ಅವಳಿಗೆ ಕೊಟ್ಟದ್ದು ಬರೀ ಉಪ್ಪುನೀರು. ನಳಿಕೆಗಳೂ ನಿನ್ನೆಗೆ ಮುಗಿದಿದ್ದವು.

ಹುಡುಗಿ ಎಂದರೆ ಸಂಶೋಧನೆಯ ಮೂರನೆಯ ವರ್ಷದಲ್ಲಿದ್ದವಳು. ಈ ಪ್ರೋಟೀನನ್ನು ಬಳಸುತ್ತಿದ್ದವಳು ಅವಳೊಬ್ಬಳೇ. ಅವಳು ಬಿಟ್ಟ ಕೋಶಗಳು ಮೂರು ವಾರದಿಂದ ಕೂರುತ್ತಿರಲಿಲ್ಲ; ಗಂಟೆ ಬಿಟ್ಟು ತೊಳೆದರೆ ಎಲ್ಲವೂ ತೊಳೆದ ನೀರಿನ ಜೊತೆಗೆ ತೇಲಿ ಹೋಗುತ್ತಿದ್ದವು. ಪ್ಲೇಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಯಾಕೆಂದರೆ ಅದು ಅಂಟಣ್ಣ ಬಳಿದ ಪ್ಲೇಟು. ಇಪ್ಪತ್ತೆರಡು ವರ್ಷದಿಂದ ಆ ಕಟ್ಟಡದಲ್ಲಿ ಯಾರೂ ತಮ್ಮ ಪ್ಲೇಟು ತಾವು ಬಳಿದುಕೊಂಡವರಲ್ಲ. ಅವನದು ಕೈಗುಣ, ಅವನು ಬಳಿದರೆ ಅಂಟುತ್ತದೆ ಎಂದು ವಿಜ್ಞಾನ ಓದಿದವರೇ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಮುಖ್ಯವಾದ ಪ್ರಯೋಗದ ಹಿಂದಿನ ದಿನ ಬಂದು 'ಅಂಟಣ್ಣ, ನೀವೇ ಮಾಡ್ಬೇಕು' ಎನ್ನುವಾಗ ನಗುತ್ತಿರಲಿಲ್ಲ. ತಾಯಿತಂದೆ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹೋದ ವಾರದ ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರಿಯ ಮೇಡಂ, ಬೆರಳು ಮಡಚುತ್ತ, 'ಪ್ಲೇಟು ಅಂಟಣ್ಣಂದು. ಕೋಶಗಳು ಎಲ್ಲರಿಗೂ ಒಂದೇ ಕಡೆಯಿಂದ ಹೋಗ್ತವೆ. ಇನ್ನು ಉಳಿದಿದ್ದೇನು?' ಎಂದು ಕೇಳಿದ್ದರು. ಆಗ ಎಲ್ಲರೂ ಹುಡುಗಿಯ ಕೈಗಳನ್ನು ನೋಡಿದರು. ಅವಳು ಅವನ್ನು ಮೇಜಿನ ಕೆಳಗೆ ಇಳಿಸಿಕೊಂಡಳು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಂಟಣ್ಣನೂ ನೋಡಿದ್ದ. ಅಷ್ಟೇ ಆಗಿದ್ದರೆ ಹೋಗಲಿ, ಮೀಟಿಂಗು ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ, 'ಕೈ ಹಗುರ ಇರ್ಬೇಕಮ್ಮ. ತೊಳೆಯೋದು ಅಂದ್ರೆ ಪಾತ್ರೆ ತಿಕ್ಕಿದ ಹಾಗಲ್ಲ' ಎಂದು ಹಿತವಚನ ಬೇರೆ ಹೇಳಿದ್ದ. ಅವಳು ತಲೆಯಾಡಿಸಿ, ಅದನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಇವತ್ತು ಮೂರು ಗಂಟೆಗೆ ಮತ್ತೆ ಮೀಟಿಂಗು. ಅವಳ ಕೆಲಸವನ್ನು ಅವಳಿಂದ ತೆಗೆದು ಬೇರೊಬ್ಬರಿಗೆ ಕೊಡುವುದೆಂದು ಮೇಡಂ ಆಗಲೇ ಮನಸ್ಸು ಮಾಡಿದ್ದಾರೆ ಎಂಬುದು ಚಹಾ ತರುವವನಿಗೂ ಗೊತ್ತಿತ್ತು.

ಯಾಕೆ ತಿರುಗಿಸಲಿಲ್ಲ? ಅವನು ಸ್ಟೂಲಿನ ಮೇಲೆ ಕೂತು, ಆ ದಿನವನ್ನು ಬೇರೊಬ್ಬನ ದಿನವೆಂಬಂತೆ ಆಚೀಚೆ ತಿರುವಿ ನೋಡಿದ. ಯಂತ್ರ ಕೆಟ್ಟಿರಲಿಲ್ಲ, ಅವಸರ ಇರಲಿಲ್ಲ, ಮೈ ಸರಿಯಿತ್ತು. ಅವತ್ತು ಹೊರಗಿನಿಂದ ಐದಾರು ಜನ ಲ್ಯಾಬು ನೋಡಲು ಬಂದಿದ್ದರು. ಮೇಡಂ ಬಂದವರಿಗೆಲ್ಲ ಹೇಳುವ ಮಾತನ್ನೇ ಹೇಳಿದ್ದರು, ಕೋಶಗಳೂ ಮನುಷ್ಯರ ಹಾಗೆಯೇ, ಅಂಟಿಕೊಂಡರೆ ಬದುಕು ಎಂದು. ಆ ಮಾತು ಕೇಳಿದಾಗಲೆಲ್ಲ ಅಂಟಣ್ಣನಿಗೆ ನಾಲ್ಕು ದಿನಕ್ಕೆಂದು ಬಂದು ಏಳು ತಿಂಗಳು ಕೂತ ತನ್ನ ಭಾವಮೈದ ನೆನಪಾಗುತ್ತಾನೆ. ಆಮೇಲೆ ಮೇಡಂ, 'ಇವರು ನಮ್ಮ ಅಂಟಣ್ಣ, ಇವರ ಕೈಲಿ ಏನೋ ಇದೆ' ಎಂದು ತೋರಿಸಿದರು. ಎಲ್ಲರೂ ಅವನ ಸುತ್ತ ನೆರೆದರು. ಅವನು ಫ್ರೀಜರಿನಿಂದ ಸೀಸೆ ತೆಗೆದು ಬೆಳಕಿಗೆ ಎತ್ತಿ ಹಿಡಿದು, 'ನೋಡಿ, ಕಣ್ಣಿಗೆ ಏನಾದ್ರೂ ಕಾಣುತ್ತಾ? ಕಾಣಲ್ಲ. ಆದ್ರೂ ಇದೆ' ಎಂದ. ಅವರು ನಕ್ಕರು, ಹಿಂದೆ ನಿಂತಿದ್ದ ಹೆಂಗಸೊಬ್ಬಳು ಆಹಾ ಎಂದಳು. ಆ ಆಹಾ ಗಾಳಿಯಲ್ಲಿ ಇನ್ನೂ ಇರುವಾಗಲೇ ಹೋಗಿ ಯಂತ್ರದಲ್ಲಿ ಸೀಸೆಯಿಟ್ಟು ಅರ್ಧ ನಿಮಿಷ ಪೆದ್ದನ ಹಾಗೆ ಕಾಯುತ್ತ ನಿಲ್ಲುವುದು ಅವನಿಂದ ಆಗಲಿಲ್ಲ. ಅಲ್ಲೇ ಮುಚ್ಚಳ ತಿರುಪಿದ. ಇಷ್ಟೇ. ಅವನ ಅಪ್ಪ ಕಾಂಪೌಂಡರ್. ಅವರ ಇಂಜೆಕ್ಷನ್ ನೋಯುವುದಿಲ್ಲ ಎಂದು ಜನ ಎಲ್ಲಿಂದಲೋ ಬರುತ್ತಿದ್ದರು. ಒಂದು ಸಲ ಇವನು ಕೇಳಿದಾಗ ಅಪ್ಪ ಬಾಗಿಲತ್ತ ನೋಡಿ, ದನಿ ತಗ್ಗಿಸಿ, 'ಕೈಗುಣನೂ ಇಲ್ಲ ಮಣ್ಣೂ ಇಲ್ಲ. ಚುಚ್ಚೋಕೆ ಮುಂಚೆ ಪಕ್ಕದಲ್ಲಿ ಒಂದು ಏಟು ತಟ್ತೀನಿ, ಗಮನ ಅಲ್ಲಿಗೆ ಹೋಗುತ್ತೆ. ಯಾರಿಗೂ ಹೇಳ್ಬೇಡ' ಎಂದಿದ್ದರು. ತಟ್ಟುವುದನ್ನು ಅವರು ಒಂದು ದಿನವೂ ಮರೆತವರಲ್ಲ. ಮಗ ಮಾತ್ರ ತನಗೆ ನಿಜವಾಗಿಯೂ ಕೈಗುಣ ಇದೆ ಎಂದು ಯಾವಾಗಲೋ ನಂಬಿಬಿಟ್ಟಿದ್ದ. ಅದು ಈಗ, ಐವತ್ತೆರಡನೇ ವಯಸ್ಸಿನಲ್ಲಿ, ಸ್ಟೂಲಿನ ಮೇಲೆ ಗೊತ್ತಾಗಿ ಅವನಿಗೆ ನಾಚಿಕೆಯಾಯಿತು.

ಆಗ ಎದ್ದುಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮುಚ್ಚಳದ ಪುಡಿಗೆ ಇನ್ನೂ ಜೀವ ಇದೆಯೋ ಇಲ್ಲವೋ ನೋಡೋಣ, ನೋಡಿ ಆಮೇಲೆ ಹೇಳೋಣ ಅನ್ನಿಸಿತು. ತಣ್ಣನೆಯ ಉಪ್ಪುನೀರನ್ನು ಪಿಪೆಟ್ಟಿನಲ್ಲಿ ಹೀರಿ, ಮುಚ್ಚಳದ ಸಂದಿಗೆ ಬಿಟ್ಟು, ಒಳಹೊರಗೆ ಆಡಿಸಿ, ಕಲೆ ಪೂರ್ತಿ ಕರಗುವ ತನಕ ಕಾದು, ಹೊಸ ಪ್ಲೇಟಿನ ಒಂದು ಸಾಲಿನ ಎಂಟು ಕುಳಿಗಳಿಗೆ ಹಾಕಿದ. ಅದು ತಳಕ್ಕೆ ಹಿಡಿಯಲು ಎರಡು ಗಂಟೆ ಬೇಕು. ನಿಜಕ್ಕೂ ಕುತೂಹಲ ಇತ್ತು. ಅದರ ಹಿಂದೆ, ಹೇಳುವ ಕೆಲಸ ಎರಡು ಗಂಟೆ ಮುಂದೆ ಹೋಯಿತಲ್ಲ ಎಂಬ ಸಣ್ಣ ಸಮಾಧಾನವೂ ಇತ್ತು. ಆ ಎರಡು ಗಂಟೆಯಲ್ಲಿ ಹುಡುಗಿ ಮೂರು ಸಲ ಅವನ ಬಾಗಿಲ ಮುಂದೆ ಹಾದುಹೋದಳು. ಒಂದು ಸಲ ನಿಂತು, 'ಅಂಟಣ್ಣ, ನಿಮ್ಮ ಹತ್ರ ಖಾಲಿ ರಟ್ಟಿನ ಪೆಟ್ಟಿಗೆ ಇದ್ಯಾ? ಮೇಜು ಖಾಲಿ ಮಾಡ್ಬೇಕಾಗಬಹುದು' ಎಂದು ಕೇಳಿದಳು. ಅವನು ಕಪಾಟಿನ ಮೇಲಿಂದ ಒಂದು ಒಳ್ಳೆಯ ಪೆಟ್ಟಿಗೆಯನ್ನೇ ಆರಿಸಿ, ಧೂಳು ಒರೆಸಿ ಕೊಟ್ಟ. ಅವಳು ಥ್ಯಾಂಕ್ಸ್ ಅಂದಳು. ಪೆಟ್ಟಿಗೆ ಹಿಡಿದ ಆ ಕೈಗಳನ್ನು ಅವನಿಗೆ ಈ ಸಲ ನೋಡಲಾಗಲಿಲ್ಲ.

ಹನ್ನೆರಡಕ್ಕೆ ಅವಳಿದ್ದಲ್ಲಿಗೆ ಹೋದ. ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಳು. ನಿಂತುಕೊಂಡೇ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೊನೆಯಿಂದಲೇ ಶುರು ಮಾಡಿದ.

'ನಿನ್ನ ಕೈಯಲ್ಲಿ ತಪ್ಪಿಲ್ಲಮ್ಮ. ನಾನು ಸೀಸೆ ತಿರುಗಿಸ್ದೆ ತೆಗೆದಿದ್ದೆ. ಪುಡಿ ಮುಚ್ಚಳದಲ್ಲೇ ಇತ್ತು. ಇವತ್ತು ಬೆಳಿಗ್ಗೆ ನೋಡ್ದೆ.'

'ಯಾವ ತಾರೀಕು ತೆಗೆದಿದ್ದು?' ಎಂದಳು. ಹೇಳಿದ. ಪೆಟ್ಟಿಗೆಯಿಂದ ತನ್ನ ಪುಸ್ತಕ ಹೊರತೆಗೆದು ಆ ಪುಟ ತೆರೆದಳು. ಅಲ್ಲಿಂದ ಮುಂದೆ ಪುಟ ಪುಟದಲ್ಲೂ ಅವಳದೇ ಅಕ್ಷರದಲ್ಲಿ ಒಂದೊಂದು ಕಾರಣ: ಜೋರಾಗಿ ತೊಳೆದೆನೇನೋ. ನೀರು ತಣ್ಣಗಿತ್ತೇನೋ. ಕೈ ನಡುಗಿತೇನೋ. ಅವನ ಹಿತವಚನವೂ ತಾರೀಕಿನ ಸಮೇತ ಇತ್ತು.

'ಮೂರು ವಾರ ನಂಗೆ ನನ್ನ ಕೈ ಕಂಡ್ರೇ ಆಗ್ತಿರ್ಲಿಲ್ಲ' ಎಂದಳು. ದನಿ ಏರಿಸಲಿಲ್ಲ. 'ಮನೇಲಿ ಲೋಟ ಹಿಡಿದ್ರೂ ಬೀಳುತ್ತೇನೋ ಅನ್ಸೋದು.'

ಅವನು ತಪ್ಪಾಯಿತು ಎಂದ. ಅದು ತನಗೇ ಸಾಲದೆ ಮತ್ತೊಮ್ಮೆ ಎಂದ. ಅವಳು ಕಣ್ಣೊರೆಸಿಕೊಂಡು, ಪುಸ್ತಕ ಮುಚ್ಚಿ, 'ಆ ಪುಡಿ ಇನ್ನೂ ಕೆಲಸ ಮಾಡುತ್ತಾ?' ಎಂದು ಕೇಳಿದಳು. ಅದೇ ಪ್ರಶ್ನೆ. ಬೆಳಿಗ್ಗೆ ತನ್ನಲ್ಲಿ ಹುಟ್ಟಿದ್ದ ಅದೇ ಪ್ರಶ್ನೆ ಅವಳ ಬಾಯಲ್ಲಿ ಕೇಳಿ ಅಂಟಣ್ಣನಿಗೆ ಅಳು ಬಂದಂತಾಯಿತು. 'ಬಳಿದಿಟ್ಟಿದೀನಿ, ಬಾ' ಎಂದ.

ಅವಳೇ ಕೋಶ ಬಿಟ್ಟಳು, ಅವಳೇ ಗಂಟೆ ನೋಡಿದಳು, ಅವಳೇ ತೊಳೆದಳು. ಅವನು ಪಕ್ಕದಲ್ಲಿ ನಿಂತಿದ್ದ. ಮೈಕ್ರೋಸ್ಕೋಪಿನ ಕೋಣೆಗೆ ಹೋಗಿ ಬಂದವಳು, 'ಕೂತಿವೆ. ಎಂಟರಲ್ಲೂ' ಎಂದಳು.

ಮೀಟಿಂಗಿನಲ್ಲಿ ಅವನು ಎದ್ದು ನಿಂತು ಹೇಳಿದ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಬಾಯಿಬಿಟ್ಟದ್ದು ಅದೇ ಮೊದಲು. ಮಾತು ತಡವರಿಸಿತು, ಆದರೆ ಹೇಳಿ ಮುಗಿಸಿದ. ಆಮೇಲೆ ಬರುವ ಬಿರುಗಾಳಿಗೆ ತಲೆ ತಗ್ಗಿಸಿ ಕಾದ. ಬಿರುಗಾಳಿ ಬರಲಿಲ್ಲ. ಮೇಡಂ ಕನ್ನಡಕ ತೆಗೆದು, ಅವನನ್ನು ಎಂದೂ ನೋಡದಷ್ಟು ಪ್ರೀತಿಯಿಂದ ನೋಡಿದರು.

'ಅಂಟಣ್ಣ, ನಿಮ್ಮ ಮನಸ್ಸು ದೊಡ್ಡದು. ಆದ್ರೆ ಅವಳ ತಪ್ಪನ್ನ ನೀವು ಮೈಮೇಲೆ ಹಾಕ್ಕೋಬೇಡಿ.'

'ಇಲ್ಲ ಮೇಡಂ, ತಪ್ಪು ನಂದೇ.'

'ಮುಚ್ಚಳ ಎಲ್ಲಿ?'

ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಮೇಡಂ ಅದನ್ನು ಬೆಳಕಿಗೆ ಹಿಡಿದರು, ಪಕ್ಕದವರಿಗೆ ಕೊಟ್ಟರು, ಅದು ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಹೊಸದರಂತೆ ಥಳಥಳಿಸುತ್ತಿತ್ತು. ಬೆಳಿಗ್ಗೆ ಅಷ್ಟು ಜತನವಾಗಿ, ಒಂದು ಕಣವೂ ಉಳಿಯದ ಹಾಗೆ ಸಾಕ್ಷಿಯನ್ನು ತೊಳೆದವನು ತಾನೇ ಎಂಬುದು ಅವನಿಗೆ ಆಗ ಹೊಳೆಯಿತು. ಪ್ಲೇಟಿದೆಯಲ್ಲ ಎಂದು ಹುಡುಗಿ ಬಾಯಿ ಹಾಕಿದಳು. ಮೇಡಂ ನಕ್ಕರು. 'ಮೂರು ವಾರ ಡಬ್ಬೀಲಿ ಬಿದ್ದಿದ್ದ ಪುಡಿ ಇವತ್ತು ಎಂಟಕ್ಕೆ ಎಂಟು ಕೂರಿಸ್ತು ಅಂದ್ರೆ ನಂಬ್ಲಾ? ಹೊಸ ಸೀಸೆ ತೆಗೆದಿರ್ತಾರೆ ಪಾಪ. ಮತ್ತೆ ಪಕ್ಕದಲ್ಲೇ ನಿಂತಿದ್ರಂತೆ. ಇವರ ಕೈ ಬಿದ್ರೆ ಅಂಟುತ್ತೆ, ಅದು ನಮಗೆಲ್ಲ ಗೊತ್ತಿರೋದೇ.' ಎಲ್ಲರೂ ನಕ್ಕರು, ಅಕ್ಕರೆಯಿಂದಲೇ. ಬದುಕಿನಲ್ಲಿ ಅವನು ಎಷ್ಟೋ ಸುಳ್ಳು ಹೇಳಿ ದಕ್ಕಿಸಿಕೊಂಡಿದ್ದ; ನಿಜ ಹೇಳಿ ಒಳ್ಳೆಯವನೆನ್ನಿಸಿಕೊಂಡು ಹೀಗೆ ಸಿಕ್ಕಿಬಿದ್ದದ್ದು ಇದೇ ಮೊದಲು. ಇನ್ನೂ ಕೆಟ್ಟದ್ದೆಂದರೆ, ಒಳಗೆಲ್ಲೋ ಒಂದು ಮೂಲೆಯಲ್ಲಿ ಅವನಿಗೆ ಹಿತವಾಯಿತು. ಇಷ್ಟಕ್ಕೇ ಕೂತುಬಿಟ್ಟರೂ ಯಾರೂ ಏನೂ ಅನ್ನುವುದಿಲ್ಲ, ಹೇಳುವುದನ್ನು ಹೇಳಿದ್ದಾಯಿತಲ್ಲ ಎನ್ನಿಸಿತು. ಎದುರಿಗೆ ಹುಡುಗಿ ಮತ್ತೆ ಕೈಗಳನ್ನು ಮೇಜಿನ ಕೆಳಗೆ ಇಳಿಸುತ್ತಿದ್ದಳು.

'ನಾಳೆ ಹೊಸ ಸೀಸೆ ಅವಳೇ ತೆಗೀಲಿ ಮೇಡಂ' ಎಂದ. 'ಅವಳೇ ತಿರುಗಿಸ್ಲಿ, ಅವಳೇ ಬಳೀಲಿ. ನಾನು ಆ ಕೋಣೆ ಒಳಗೆ ಕಾಲಿಡಲ್ಲ. ಅದನ್ನ ನೋಡಿ ಆಮೇಲೆ ಏನು ಬೇಕೋ ಮಾಡಿ.'

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ನಗು ಹೋಗಿತ್ತು. 'ಸರಿ. ಪಕ್ಕದ ಸಾಲು ನೀವು ಹಾಕಿ, ಹೋಗ್ಬಿಡಿ. ಎರಡೂ ನಾನೇ ನೋಡ್ತೀನಿ.'

ಸಂಜೆ ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಚುತ್ತ ಕೇಳಿಸಿಕೊಂಡಳು. 'ಅವಳದ್ದೂ ಅಂಟಿದ್ರೆ?' ಎಂದಳು ಕೊನೆಗೆ. 'ನನ್ನ ಹತ್ರ ಇನ್ನು ಯಾರೂ ಬರಲ್ಲ. ಯಾರು ಬೇಕಾದ್ರೂ ಬಳೀಬಹುದು ಅಂತಾಗುತ್ತೆ.' 'ಅಂಟದಿದ್ರೆ?' ಅವನು ಮಡಚಿಟ್ಟಿದ್ದ ಟವೆಲೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದ. ಅವಳು ಮಡಚಿದ ಅಂಗಿಯನ್ನು ಅವನ ಮಡಿಲಿಗೆ ಹಾಕಿ, 'ನಾನು ನಿಮ್ಮ ಕೈಗುಣ ನೋಡಿ ಮದುವೆ ಆಗಿದ್ದಲ್ಲ' ಎಂದು ಒಳಗೆ ಹೋದಳು.

ಮರುದಿನ ತನ್ನ ಸಾಲು ಬಳಿದು ಕಾರಿಡಾರಿನ ಬೆಂಚಿನ ಮೇಲೆ ಬಂದು ಕೂತ. ಮೂರು ತಾಸು. ಬಾಗಿಲ ಗಾಜಿನೊಳಗೆ ಅವಳ ಬೆನ್ನು ಕಾಣುತ್ತಿತ್ತು. ಅವಳು ಉಳಿಯಲಿ ಎಂದು ಅವನು ಮನಸಾರೆ ಬಯಸುತ್ತಿದ್ದ. ಹಾಗೆ ಬಯಸುತ್ತಿದ್ದೇನೆಂದು ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡ ಮೇಲೆ, ಯಾಕಿಷ್ಟು ಸಲ ಹೇಳಿಕೊಳ್ಳಬೇಕು ಎಂದು ಅನುಮಾನ ಬಂತು. ಅಡಿಯಲ್ಲಿ ಇನ್ನೊಂದು ಆಸೆ ಕೂತಿತ್ತು. ಅವಳ ಸಾಲಿನಲ್ಲಿ ಒಂದಿಷ್ಟು, ಪೂರ್ತಿ ಬೇಡ, ಒಂದಿಷ್ಟು ಕಡಿಮೆ ಕೂರಲಿ. ಅವಳು ಉಳಿಯುವಷ್ಟು ಕೂರಲಿ, ತಾನು ಅಂಟಣ್ಣನಾಗಿ ಉಳಿಯುವಷ್ಟು ಎದ್ದುಹೋಗಲಿ. ಇಂಥ ಲೆಕ್ಕ ಹಾಕುವ ಮನುಷ್ಯ ತನ್ನೊಳಗೆ ಇಷ್ಟು ದಿನ ಎಲ್ಲಿದ್ದ ಎಂದು ಆಶ್ಚರ್ಯವಾಯಿತು. ಅಸಹ್ಯಕ್ಕಿಂತ ಆಶ್ಚರ್ಯವೇ ಜಾಸ್ತಿ. ಆ ಮನುಷ್ಯನನ್ನು ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡ ಹಾಗೆ ಸುಮ್ಮನೆ ಕೂತ. ಮೇಡಂ ಒಳಗೆ ಹೋದರು. ಬಹಳ ಹೊತ್ತಾಯಿತು.

ಹುಡುಗಿ ಬಾಗಿಲು ತೆಗೆದು, 'ಅಂಟಣ್ಣ, ಬನ್ನಿ' ಎಂದಳು. ಮುಖ ನೋಡಿ ಏನೂ ಗೊತ್ತಾಗಲಿಲ್ಲ. ಅವನು ಹೊಸಿಲ ಹತ್ತಿರ ನಿಂತ. 'ಒಳಗೆ ಬನ್ನಿ. ನೀವೇ ನೋಡಿ.' ಅವಳು ಮೈಕ್ರೋಸ್ಕೋಪಿನ ಮುಂದಿನ ಕುರ್ಚಿ ಎಳೆದು ಕೊಟ್ಟಾಗ ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಈ ಕೋಣೆಗೆ ಬಂದು ಕಣ್ಣಿಡಲು ಬಗ್ಗಿದ್ದ. ಆಗಿನ ಸಂಶೋಧಕನೊಬ್ಬ ಬಂದು, ತೀರಾ ಮರ್ಯಾದೆಯಿಂದಲೇ, 'ಇದು ನಿಮ್ಮ ಕೆಲಸ ಅಲ್ಲ ಅಲ್ವಾ' ಎಂದಿದ್ದ. ಅಲ್ಲ ಎಂದು ಹೊರಗೆ ಬಂದವನು ಮತ್ತೆ ಬಂದಿರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಸಾವಿರಾರು ಪ್ಲೇಟು ಬಳಿದಿದ್ದಾನೆ. ಅಂಟಿತು ಎಂದು ಬಂದು ಹೇಳುತ್ತಿದ್ದರು, ಅವನು ಸಂತೋಷಪಡುತ್ತಿದ್ದ. ಅಂಟುವುದು ಎಂದರೆ ಹೇಗಿರುತ್ತದೆ ಎಂದು ಅವನು ನೋಡಿರಲಿಲ್ಲ.

'ಎರಡೂ ಕಣ್ಣು ಬಿಟ್ಕೊಂಡೇ ನೋಡಿ' ಎಂದಳು.

ಮೊದಲು ಬರೀ ತನ್ನದೇ ರೆಪ್ಪೆಗೂದಲು. ಆಮೇಲೆ ಬೆಳಕು. ಆಮೇಲೆ, ಅವಳು ಏನನ್ನೋ ಒಂಚೂರು ತಿರುಗಿಸಿದಾಗ, ಅವು. ದುಂಡಗೆ ಇರುತ್ತವೆ ಎಂದುಕೊಂಡಿದ್ದ. ಇವು ಚಪ್ಪಟೆಯಾಗಿ, ನೆಲದ ಮೇಲೆ ಚೆಲ್ಲಿದ ಗಂಜಿಯಂತೆ ಹರಡಿ, ಅಂಚುಗಳನ್ನು ಅಲ್ಲಲ್ಲಿ ಚಾಚಿ, ಒಂದೊಂದೂ ತನ್ನ ತನ್ನ ಜಾಗ ಹಿಡಿದಿದ್ದವು. ಎಷ್ಟೊಂದು. ಕೆಲವು ತೆಳ್ಳಗಾಗಿ ಬಹುತೇಕ ಕಾಣದಂತಾಗಿದ್ದವು, ಕೆಲವು ನಡುವೆ ಉಬ್ಬಿದ್ದವು. ಎರಡು ಕೋಶಗಳ ಅಂಚು ಎಲ್ಲಿ ತಾಗಿದೆ, ತಾಗಿದೆಯೋ ಇಲ್ಲವೋ ಎಂದು ನೋಡಲು ಅವನು ಉಸಿರು ಬಿಗಿಹಿಡಿದ.

'ಯಾವ ಸಾಲು ಅದು?' ಎಂದು ಬೆನ್ನ ಹಿಂದೆ ಮೇಡಂ ಕೇಳಿದ್ದು ಕೇಳಿಸಿತು.

'ಇದು ನಂದು ಮೇಡಂ. ಪಕ್ಕದ್ದು ಅವರದು. ಎರಡು ಸಲ ಎಣಿಸ್ದೆ, ಎರಡೂ ಒಂದೇ.'

ಮೇಡಂ, ಸೋಮವಾರದಿಂದ ಹುಡುಗಿ ಕೆಲಸ ಮುಂದುವರಿಸಲಿ, ಇನ್ನು ಮೇಲೆ ಎಲ್ಲರೂ ತಮ್ಮ ಪ್ಲೇಟು ತಾವೇ ಬಳಿದುಕೊಳ್ಳಲಿ ಎಂದರು. ಆಮೇಲೆ ಸಂಬಳದ ಚೀಟಿಯಲ್ಲಿದ್ದ ಅವನ ಹೆಸರು ಹಿಡಿದು, 'ಕೇಳಿಸ್ತಾ?' ಎಂದರು.

'ಕೇಳಿಸ್ತು ಮೇಡಂ' ಎಂದ ಅವನು, ಕಣ್ಣು ತೆಗೆಯದೆ. ಮತ್ತೆ, ಹುಡುಗಿಯ ಕಡೆಗೆ ಕೈ ಬೀಸಿ, 'ಇಲ್ಲಿ ಮೂಲೇಲಿ ಒಂದಿದೆಯಲ್ಲಮ್ಮ, ಇದು ಇನ್ನೂ ಪೂರ್ತಿ ಕೂತಿಲ್ಲ. ಇದು ಈಗ ಏನ್ ಮಾಡುತ್ತೆ?'